ಭಾರ ಎಳೆಯುವ ಗಾಡಿಗೆ ಟೈರ್ ಕೊಳ್ಳುವ ಮುನ್ನ

ಕಾಫಿ ಕೊಯ್ಲು ಮುಗಿದು ಅಡಿಕೆಯೂ ಮಂಡಿ ಸೇರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಸದಸ್ಯರಿಗೆ ನೆನಪಾಗುವ ಖರ್ಚುಗಳಲ್ಲಿ ಗಾಡಿಯ ಟೈರ್ ಒಂದು. ಹ್ಯಾಂಡ್‌ಪೋಸ್ಟಿನಲ್ಲಾಗಲಿ ಹುಣಸೂರಿನಲ್ಲಾಗಲಿ ಅಂಗಡಿ ಹೊಕ್ಕ ಕೂಡಲೇ ಕೇಳುವ ಮೊದಲ ಪ್ರಶ್ನೆ, "ಜೊತೆಗೆ ಎಷ್ಟು?" ಎರಡನೆಯದು, "ಎಷ್ಟು ಪ್ಲೈ?" ಚಕ್ರದ ಮೇಲೆ ಬೀಳುವ ಭಾರವೆಷ್ಟೆಂದು ಕೊಳ್ಳುವವರೂ ಹೇಳುವುದಿಲ್ಲ, ಮಾರುವವರೂ ಕೇಳುವುದಿಲ್ಲ. ಹಿಂದೆ ಎತ್ತಿನ ಗಾಡಿಗೆ ಕಬ್ಬಿಣದ ಪಟ್ಟಿ ಕಟ್ಟಬೇಕಾದರೆ ಕಮ್ಮಾರನು ಚಕ್ರದ ಸುತ್ತಳತೆ ನೋಡದೆ ಕುಲುಮೆಗೆ ಕೈ ಹಾಕುತ್ತಿರಲಿಲ್ಲ. ಈಗ ಸಾವಿರಾರು ರೂಪಾಯಿಯ ಮಾಲನ್ನು ಅಂದಾಜಿನ ಮೇಲೆ ಕೊಳ್ಳುತ್ತಿದ್ದೇವೆ.

ಆದುದರಿಂದ ಮೊದಲು ಹೋಗಬೇಕಾದದ್ದು ಟೈರ್ ಅಂಗಡಿಗಲ್ಲ, ವೇಬ್ರಿಡ್ಜಿಗೆ. ಸಾಮಾನ್ಯವಾಗಿ ತುಂಬುವಷ್ಟೇ ಸರಕು ತುಂಬಿ, ಟ್ರೇಲರ್ ಕೊಕ್ಕೆಗೆ ಹಾಕಿಯೇ ಗಾಡಿಯನ್ನು ಒಯ್ಯಿರಿ. ಮುಂದಿನ ಚಕ್ರಗಳನ್ನು ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ತೂಕ, ಹಿಂದಿನ ಚಕ್ರಗಳದ್ದು ಒಂದು, ಟ್ರೇಲರ್ ಚಕ್ರಗಳದ್ದು ಇನ್ನೊಂದು. ಮೂರು ಚೀಟಿಗೆ ಆಗುವ ಖರ್ಚು ಒಂದು ಟ್ಯೂಬಿನ ಬೆಲೆಯೂ ಅಲ್ಲ. 50 ಕೆ.ಜಿ.ಯ 60 ಚೀಲ ಒಣ ಕಾಫಿ ಎಂದರೆ 3,000 ಕೆ.ಜಿ. ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಆದರೆ ಆ ಭಾರ ಯಾವ ಚಕ್ರಕ್ಕೆ ಎಷ್ಟು ಹಂಚಿಹೋಗಿದೆ ಎಂಬುದು ಚೀಲ ಎಣಿಸಿದರೆ ತಿಳಿಯುವುದಿಲ್ಲ. ಎರಡು ಚಕ್ರದ ಟ್ರೇಲರ್ ತನ್ನ ಭಾರದ ಒಂದು ಪಾಲನ್ನು ಕೊಕ್ಕೆಯ ಮೂಲಕ ಎಳೆಯುವ ಗಾಡಿಯ ಹಿಂದಿನ ಚಕ್ರಗಳ ಮೇಲೆ ಹೊರಿಸುತ್ತದೆ. ಆ ಪಾಲು ಹೆಚ್ಚಿದಷ್ಟೂ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹೇಳಿದ ಮಾತು ಕೇಳದಂತಾಗುತ್ತದೆ.

ಚೀಟಿ ಕೈಗೆ ಬಂದ ಮೇಲೆ ಟೈರಿನ ಪಕ್ಕದ ಬರಹವನ್ನು ಓದಬೇಕು. ಅಳತೆಯ ಮುಂದೆ ಒಂದು ಅಂಕಿ, ಒಂದು ಅಕ್ಷರ ಇರುತ್ತದೆ. ಅಂಕಿ ಭಾರದ ಸೂಚಿ. 107 ಎಂದರೆ ಒಂದು ಟೈರ್ 975 ಕೆ.ಜಿ. ಹೊರಬಲ್ಲದು, 110ಕ್ಕೆ 1,060 ಕೆ.ಜಿ., 115ಕ್ಕೆ 1,215 ಕೆ.ಜಿ. ಪಿಕಪ್ಪಿನ ಹಿಂದಿನ ಎರಡು ಚಕ್ರಗಳ ತೂಕ 2,000 ಕೆ.ಜಿ. ಬಂತೆಂದುಕೊಳ್ಳಿ. ಒಂದೊಂದಕ್ಕೆ 1,000. 107ರ ಟೈರ್ ಎಷ್ಟೇ ಹೊಸದಾಗಿದ್ದರೂ ಅಲ್ಲಿ ನಿಲ್ಲದು. 110ರದ್ದು ಹೇಗೋ ನಿಂತೀತು, ಗುಂಡಿಗೆ ಬಿದ್ದಾಗ ಅದಕ್ಕೆ ಉಸಿರಾಡಲು ಜಾಗವಿಲ್ಲ. ಲಾರಿ ಟೈರಿನಲ್ಲಿ 146/143 ಎಂದು ಎರಡು ಅಂಕಿಗಳಿದ್ದರೆ, ಒಂಟಿಯಾಗಿ ಹಾಕಿದಾಗ 3,000 ಕೆ.ಜಿ., ಜೋಡಿಯಾಗಿ ಹಾಕಿದಾಗ ಒಂದೊಂದಕ್ಕೆ 2,725 ಕೆ.ಜಿ. ಎಂದರ್ಥ. ಮುಂದಿನ ಅಕ್ಷರ ವೇಗದ್ದು. ಪ್ಲೈ ಎಂಬ ಅಂಕಿ ಬಲದ ದರ್ಜೆಯೇ ಹೊರತು ಪದರಗಳ ಎಣಿಕೆಯಲ್ಲ. 16 ಪ್ಲೈ ಟೈರನ್ನು ಸೀಳಿದರೆ 16 ಪದರ ಸಿಗುವುದಿಲ್ಲ. ಸೂಚಿಯ ಅಂಕಿ ಹೇಳುವ ಭಾರವೂ ಕಂಪನಿ ಹೇಳಿದಷ್ಟು ಗಾಳಿ ಇದ್ದಾಗ ಮಾತ್ರ.

ಇನ್ನೊಂದು ಕಡೆ ನಾಲ್ಕು ಅಂಕಿಗಳ ಗುರುತಿರುತ್ತದೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ರಬ್ಬರಿಗೆ ಹಲ್ಲು ಪೂರ್ತಿ ಇದ್ದರೂ ಜೀವ ಕುಗ್ಗಿರುತ್ತದೆ. ದರ ಇಳಿಸಿ ಕೊಡುತ್ತೇವೆಂದರೆ ಮೊದಲು ಈ ಗುರುತನ್ನು ನೋಡುವುದು ಒಳ್ಳೆಯದು.

ಈಗ ಟ್ರೇಲರಿನ ವಿಷಯ. ನಮ್ಮಲ್ಲಿ ಟ್ರ್ಯಾಕ್ಟರಿಗೆ ಹೊಸ ಟೈರ್, ಟ್ರೇಲರಿಗೆ ಎಲ್ಲೋ ಸಿಕ್ಕಿದ ಸವೆದ ಲಾರಿ ಟೈರ್ ಎಂಬುದು ರೂಢಿಯೇ ಆಗಿಬಿಟ್ಟಿದೆ. ಈ ರೂಢಿಯನ್ನು ನಾನು ಒಪ್ಪಲಾರೆ. ಸರಕಿನ ಬಹುಭಾಗ ಕುಳಿತಿರುವುದು ಟ್ರೇಲರಿನ ಚಕ್ರಗಳ ಮೇಲೆ, ಎಷ್ಟೋ ಟ್ರೇಲರುಗಳಿಗೆ ಬ್ರೇಕೂ ಇಲ್ಲ. ಇಳಿಜಾರಿನಲ್ಲಿ ಅದರ ಒಂದು ಟೈರ್ ಸಿಡಿದರೆ ಟ್ರೇಲರ್ ಒಂದು ಪಕ್ಕಕ್ಕೆ ವಾಲಿ ಟ್ರ್ಯಾಕ್ಟರಿನ ಬಾಲವನ್ನು ಎಳೆದುಬಿಡುತ್ತದೆ. ಮೇಲೆ ಕುಳಿತವರು ಕೂಲಿಗೆ ಬಂದ ಹೆಂಗಸರು, ಮಕ್ಕಳು. ಪಿರಿಯಾಪಟ್ಟಣದಾಚೆ ಕೊಡಗಿನ ಕಡೆಯ ಏರಿಳಿತ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಅಂತರಸಂತೆಯಿಂದ ಬಾವಲಿಯ ಕಡೆಗೆ ಹೋಗುವ ಕಾಡಿನ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಐದು ಗಂಟೆಗೆ ಅಲ್ಲಿ ಟೈರ್ ಹೋಗಿ, ಸ್ಟೆಪ್ನಿಯೂ ಬೋಳಾಗಿದ್ದರೆ ಆನೆಗಳ ನಡುವೆ ಜಾಕ್ ಹಿಡಿದು ಕೂರಬೇಕಾದೀತು.

ಟೈರ್ ಸಿಡಿಯಲು ಮುಳ್ಳು, ಮೊಳೆ ಕಾರಣವೆಂದು ನಾವು ತಿಳಿಯುತ್ತೇವೆ. ಬಹಳ ಸಲ ಕಾರಣ ಶಾಖ. ಗಾಳಿ ಕಡಿಮೆಯಾದರೆ ಅಥವಾ ಭಾರ ಮಿತಿ ಮೀರಿದರೆ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಕಾದ ರಬ್ಬರು ನೂಲಿನ ಪದರದಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮೊದಲೇ ಗೇಜಿನಿಂದ ನೋಡತಕ್ಕದ್ದು. ಜೋಡಿ ಚಕ್ರದ ಒಳಗಿನ ಟೈರನ್ನು ಕೋಲಿನಿಂದ ಬಡಿದು ಪರೀಕ್ಷಿಸಿದರೆ ಸಾಲದು.

ರೇಡಿಯಲ್ಲೋ ನೈಲಾನೋ ಎಂಬ ಚರ್ಚೆಗೆ ನನ್ನ ಉತ್ತರ ಗಾಡಿ ಓಡುವ ದಾರಿಯಲ್ಲಿದೆ. ಹೆಚ್ಚಾಗಿ ಮೈಸೂರಿನ ಟಾರು ರಸ್ತೆಯಲ್ಲೇ ಓಡುವ ಪಿಕಪ್ಪಿಗೆ ರೇಡಿಯಲ್ ಲೇಸು, ಅದು ಕಡಿಮೆ ಕಾಯುತ್ತದೆ, ಹೆಚ್ಚು ಬಾಳುತ್ತದೆ. ತೋಟದ ಕಲ್ಲು, ಕೂಳೆ, ಕೆಸರಿನಲ್ಲೇ ಇರುವ ಟ್ರೇಲರಿಗೆ ಪಕ್ಕ ಗಟ್ಟಿಯಿರುವ ನೈಲಾನ್ ಸಾಕು. ಒಂದೇ ಅಚ್ಚಿನಲ್ಲಿ ಎರಡನ್ನೂ ಬೆರೆಸಲೇಬಾರದು. ಜೋಡಿ ಚಕ್ರದಲ್ಲಿ ಹೊಸದರ ಪಕ್ಕ ಸವೆದದ್ದನ್ನು ಹಾಕಿದರೆ ಎತ್ತರವಾದ ಹೊಸ ಟೈರೇ ಹೆಚ್ಚು ಭಾರ ಹೊತ್ತು ಬೇಗ ಕೆಡುತ್ತದೆ. ರೀಟ್ರೆಡ್ ಹಿಂದಕ್ಕೆ ಇರಲಿ, ಮುಂದಿನ ಚಕ್ರಕ್ಕೆ ಬೇಡ.

ಕಂಪನಿಯ ಹೆಸರಿನ ಮೇಲೆ ಮೋಹ ಬೇಡ. ಹಳಬರು ಇಂದಿಗೂ ವಿಕ್ರಾಂತ್ ಎಂದೇ ಕೇಳುವುದುಂಟು, ಮೈಸೂರಿನ ಆ ಕಾರ್ಖಾನೆ 1997ರಲ್ಲಿ ಜೆ.ಕೆ.ಯವರ ಕೈಸೇರಿತು. ಹೊಸ ಟೈರಿಗೆ ಹಿಗ್ಗಿದ ಹಳೆಯ ಟ್ಯೂಬ್ ಹಾಕಿಸಬೇಡಿ, ಮಡಿಕೆ ಬಿದ್ದಲ್ಲೇ ಅದು ಹರಿಯುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಹಿಂದೆ ನಿಂತು ನೋಡಿದರೆ ಹಲ್ಲುಗಳ ಮೂಲೆ ಮೇಲ್ಮುಖವಾಗಿರಬೇಕು. ತಿರುಗುಮುರುಗಾದರೆ ಕೆಸರು ಹೊರಹೋಗದೆ ಹಿಡಿತ ತಪ್ಪುತ್ತದೆ. ಟ್ರ್ಯಾಕ್ಟರ್ ಟೈರಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ರಿಂದ ಶೇ. 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದನ್ನೂ ನೋಡಿಕೊಳ್ಳಿ.

ಮಳೆಗಾಲಕ್ಕೆ ಮೊದಲು ಟೈರ್ ಬದಲಿಸುವ ಸದಸ್ಯರು ಅಳತೆಯನ್ನೂ ಮೂರು ತೂಕದ ಚೀಟಿಗಳನ್ನೂ ಸಂಘದ ಕಚೇರಿಗೆ ತಂದು ಬರೆಸಬಹುದು. ಒಂದೇ ಅಳತೆಯವರು ಹತ್ತು ಮಂದಿ ಸೇರಿದರೆ ಒಟ್ಟಿಗೆ ದರ ಕೇಳಿಸೋಣ.