ಯೆರೆಮೀಯನ ಕ್ರಯಪತ್ರ

ಚಿನ್ನಾಳಪಟ್ಟಿಯ ನೇಕಾರನು ಬೆಳಗ್ಗೆ ಎದ್ದೊಡನೆ ನೋಡುವುದು ಆಕಾಶವನ್ನು. ದಿಂಡಿಗಲ್ಲಿನಿಂದ ಮದುರೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ, ಸಿರುಮಲೆಯ ಬೆಟ್ಟಗಳ ಕೆಳಗಿರುವ ಈ ಊರಿನಲ್ಲಿ ನಾನು ಹುಡುಗನಾಗಿದ್ದಾಗ, ಹೊತ್ತು ಮೂಡುವ ಮೊದಲೇ ಬೀದಿಯುದ್ದಕ್ಕೂ ಹಾಸಿನ ನೂಲನ್ನು ಎಳೆದು ಕಟ್ಟಿ ಗಂಜಿ ಹಚ್ಚುತ್ತಿದ್ದರು. ಬಿಸಿಲೇರುವಷ್ಟರಲ್ಲಿ ಅದು ಒಣಗಬೇಕು. ನಡುವೆ ಒಂದು ಮಳೆ ಬಿದ್ದರೆ ಗಂಜಿ ತೊಳೆದು ಹೋಗುತ್ತಿತ್ತು, ಎಳೆಗಳು ಅಂಟಿಕೊಳ್ಳುತ್ತಿದ್ದವು, ಆ ವಾರದ ಕೂಲಿ ಅಲ್ಲಿಗೆ ಮುಗಿಯುತ್ತಿತ್ತು.

ನಮ್ಮದು ಮನೆಯಲ್ಲಿ ಕನ್ನಡ, ಸಭೆಯಲ್ಲಿ ತಮಿಳು. ನನ್ನ ತಂದೆಯವರು ಕನ್ನಡ ಅಕ್ಷರಗಳನ್ನು ಕಲಿತದ್ದೇ ಸತ್ಯವೇದವನ್ನು ಮನೆಮಾತಿನಲ್ಲಿ ಓದಬೇಕೆಂಬ ಆಸೆಯಿಂದ, ಅದೂ ಮದುವೆಯಾದ ಮೇಲೆ. ಹಾಗೆ ಕಷ್ಟಪಟ್ಟು ಓದುತ್ತಾ ಅವರು ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯಕ್ಕೆ ಬಂದಾಗ ಎಡವಿದರು. ಹೊಲದ ಹೂವುಗಳು ದುಡಿಯದೆ, ನೂಲದೆ ಇದ್ದರೂ ಸೊಲೊಮೋನನಿಗಿಂತ ಚೆನ್ನಾಗಿ ಉಟ್ಟಿವೆಯೆಂದು ಯೇಸು ಸ್ವಾಮಿಯು ಬೆಟ್ಟದ ಮೇಲೆ ಜನರಿಗೆ ಹೇಳಿದ ಮಾತು ಅಲ್ಲಿದೆ. ಬೇರೆ ಊರಿನ ಕ್ರೈಸ್ತರು ಈ ಮಾತನ್ನು ಕೇಳಿ ನೆಮ್ಮದಿಯಿಂದ ತಲೆಯಾಡಿಸಬಹುದು. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ಕುಳಿತವನಿಗೆ ಅದು ಹಾಗೆ ಕೇಳಿಸದು. "ನೂಲದ ಹೂವಿಗೆ ಉಡುಪು ಇದೆಯಂತೆ, ನೂಲು ಹಿಡಿದ ನಮಗೆ ಸಾಲ ಇದೆಯಲ್ಲ ಮಗಾ" ಎಂದು ಅವರು ನಕ್ಕರು. ಆ ನಗೆಯಲ್ಲಿ ಅಪನಂಬಿಕೆ ಇರಲಿಲ್ಲ. ಆದರೆ ಪ್ರಶ್ನೆ ಇತ್ತು, ಮತ್ತು ಅದನ್ನು ಅವರು ನನಗೆ ಬಿಟ್ಟುಹೋದರು.

ಇಪ್ಪತ್ತು ವರ್ಷಗಳ ವಕೀಲಿಯಲ್ಲಿ ಆ ಪ್ರಶ್ನೆ ಬೇರೆ ಬೇರೆ ವೇಷಗಳಲ್ಲಿ ನನ್ನ ಕಚೇರಿಗೆ ಬಂದಿದೆ. ಕಳೆದ ವರ್ಷ ಬಂದದ್ದು ಒಬ್ಬ ವಿಧವೆಯ ರೂಪದಲ್ಲಿ. ಸುಂಗುಡಿ ಸೀರೆಗೆ ಗಂಟು ಹಾಕಿ ಬದುಕುವ ಹೆಂಗಸು. ಬಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು, ಚುಕ್ಕಿ ಚುಕ್ಕಿಗೆ ನೂಲು ಸುತ್ತಿ, ಬಣ್ಣಕ್ಕೆ ಕೊಡುವ ಕೆಲಸ. ಸಾವಿರಾರು ಗಂಟುಗಳಿಗೆ ಸಿಗುವ ಕೂಲಿಯನ್ನು ನಾನು ಇಲ್ಲಿ ಬರೆದರೆ ಓದುಗರು ನಂಬಲಿಕ್ಕಿಲ್ಲ. ಆ ಕೂಲಿಯಲ್ಲಿ ಉಳಿಸಿದ್ದನ್ನು ಆಕೆ ತಿಂಗಳು ತಿಂಗಳೂ ತನ್ನ ಪ್ರಾರ್ಥನಾ ಕೂಟದವರೇ ಆದ ಒಬ್ಬರು ನಡೆಸುತ್ತಿದ್ದ ಚೀಟಿಗೆ ಕಟ್ಟಿದ್ದರು. ಕಟ್ಟಿದ್ದಕ್ಕೆ ರಸೀದಿ ಇಲ್ಲ, ಪುಸ್ತಕ ಇಲ್ಲ, ಸಾಕ್ಷಿಯೂ ಇಲ್ಲ. ಚೀಟಿ ನಡೆಸಿದವರು ಊರು ಬಿಟ್ಟಿದ್ದರು.

"ರಸೀದಿ ಯಾಕೆ ಕೇಳಲಿಲ್ಲ ಅಮ್ಮ?" ಎಂದು ಕೇಳಿದೆ.

"ಪ್ರಾರ್ಥನೆ ಮಾಡಿಸುವವರ ಹತ್ತಿರ ಚೀಟಿ ಬರೆದುಕೊಡಿ ಅಂತ ಹೆಂಗೆ ಕೇಳೋದು ಸ್ವಾಮಿ? ದೇವರ ಮೇಲೆ ಭಾರ ಹಾಕಿದ್ದೆ."

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ಸರಕಾರದ ಪೂರ್ವಾನುಮತಿಯೂ ನೋಂದಣಿಯೂ ಇಲ್ಲದೆ ಚೀಟಿ ನಡೆಸುವಂತಿಲ್ಲ. ಕೈಸಾಲವಾದರೆ 1963ರ ಕಾಲಮಿತಿ ಕಾಯಿದೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವನ್ನು ಇಡುತ್ತದೆ. ಆ ಗಡುವಿನೊಳಗೆ ಸಾಲಗಾರನು ಬಾಕಿಯನ್ನು ಒಪ್ಪಿ ಸಹಿ ಹಾಕಿದ ಒಂದು ತುಂಡು ಕಾಗದವಿದ್ದರೂ ಅಂದಿನಿಂದ ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ಎಲ್ಲವೂ ಆ ತುಂಡು ಕಾಗದದ ಮೇಲೆ ನಿಂತಿದೆ. ಅದನ್ನು ಕೇಳುವುದು ಅವಿಶ್ವಾಸವೆಂದು ನಮ್ಮ ಜನರಿಗೆ ಯಾರು ಕಲಿಸಿದರೋ ನಾನರಿಯೆ. ಸತ್ಯವೇದವಂತೂ ಕಲಿಸಲಿಲ್ಲ.

ಓದುಗರು ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ಇಡೀ ಹಳೆಯ ಒಡಂಬಡಿಕೆಯಲ್ಲಿ ಒಬ್ಬ ವಕೀಲನಿಗೆ ಅಷ್ಟು ಪ್ರಿಯವಾಗುವ ಅಧ್ಯಾಯ ಮತ್ತೊಂದಿಲ್ಲ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪಟ್ಟಣವು ಬೀಳುತ್ತದೆಂದು ಸಾರಿದ ತಪ್ಪಿಗೆ ಪ್ರವಾದಿಯು ಅರಸನ ಕಾವಲಿನ ಅಂಗಳದಲ್ಲಿ ಸೆರೆಯಾಗಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಹನಮೇಲನು ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ, ಹತ್ತಿರದ ಬಂಧುವಾಗಿ ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರುವಿನ ದಂಡು ಇಳಿದಿರುವ ನಾಡಿನ ಹೊಲ! ನನ್ನ ಕಕ್ಷಿದಾರನೊಬ್ಬ ಇಂಥ ಕ್ರಯಕ್ಕೆ ಸಲಹೆ ಕೇಳಿದ್ದರೆ ಬಾಗಿಲನ್ನು ತೋರಿಸುತ್ತಿದ್ದೆ.

ಯೆರೆಮೀಯನು ಕೊಂಡನು. ಹೇಗೆ ಕೊಂಡನೆಂಬುದನ್ನು ಗಮನಿಸಿರಿ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿದನು. ಕ್ರಯಪತ್ರಕ್ಕೆ ಸಹಿ ಮಾಡಿ ಮುದ್ರೆ ಹಾಕಿದನು, ಸಾಕ್ಷಿಗಳಿಂದ ರುಜು ಹಾಕಿಸಿದನು. ಮುದ್ರಿತ ಪ್ರತಿ ಒಂದು, ತೆರೆದ ಪ್ರತಿ ಒಂದು. ಎರಡನ್ನೂ ಎಲ್ಲರ ಎದುರಿನಲ್ಲಿ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿಡಲು ಹೇಳಿದನು. ನಮ್ಮ 1908ರ ನೋಂದಣಿ ಕಾಯಿದೆ ಬಯಸುವ ಎಚ್ಚರಿಕೆಗಿಂತ ಇದು ಯಾವುದರಲ್ಲಿ ಕಡಿಮೆ? ಈ ನಾಡಿನಲ್ಲಿ ಹೊಲಮನೆಗಳ ಕ್ರಯವಿಕ್ರಯ ಮತ್ತೆ ನಡೆಯುವುದೆಂಬ ದೇವರ ಮಾತನ್ನು ಅವನು ನಂಬಿದ್ದನು. ನಂಬಿದ್ದರಿಂದಲೇ ಪತ್ರವನ್ನು ಅಷ್ಟು ಜೋಪಾನ ಮಾಡಿದನು. ನಂಬದವನಿಗೆ ಗಡಿಗೆ ಯಾತಕ್ಕೆ ಬೇಕು?

ಇನ್ನೊಂದು ಸಂಗತಿ ನನಗೆ ಬಹುಕಾಲ ಕಣ್ಣಿಗೆ ಬಿದ್ದಿರಲಿಲ್ಲ. ಯೆರೆಮೀಯನು ಪತ್ರವನ್ನು ಕೊಟ್ಟ ಮೇಲೆ ಪ್ರಾರ್ಥಿಸುತ್ತಾನೆ, ಮತ್ತು ಆ ಪ್ರಾರ್ಥನೆಯಲ್ಲಿ ಕಳವಳವಿದೆ. ಪಟ್ಟಣವನ್ನು ಶತ್ರುವಿನ ಕೈಗೆ ಕೊಡುತ್ತಿರುವಾಗ ಹೊಲ ಕೊಳ್ಳೆಂದು ನನಗೇಕೆ ಹೇಳಿದೆ ಎಂದು ಅವನು ಹೆಚ್ಚು ಕಡಿಮೆ ದೇವರನ್ನೇ ಕೇಳುತ್ತಾನೆ. ಕಳವಳವಿದ್ದೂ ಸಹಿ ಹಾಕಿಯಾಗಿತ್ತು.

ಇದಕ್ಕೆ ವಿರುದ್ಧವಾದ ಚಿತ್ರ ಮತ್ತಾಯನ 4ನೆಯ ಅಧ್ಯಾಯದಲ್ಲಿದೆ. ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎಂದು ಸೈತಾನನು ಕೀರ್ತನೆಯನ್ನೇ ಉದಾಹರಿಸಿ ಹೇಳುತ್ತಾನೆ. ಸ್ವಾಮಿಯು ಅದನ್ನು ದೇವರನ್ನು ಪರೀಕ್ಷಿಸುವುದೆಂದು ತಳ್ಳಿಹಾಕಿದನು. ದೇವರ ಹೆಸರು ಹೇಳಿ ರಸೀದಿಯಿಲ್ಲದೆ ಹಣ ಕಟ್ಟಿಸಿಕೊಳ್ಳುವವರು ಬಡವರನ್ನು ಆ ಶಿಖರಕ್ಕೆ ಹತ್ತಿಸುತ್ತಾರೆ.

ನಮ್ಮ ಭಾಷೆಯವರ ನಡುವೆಯೇ ಇದಕ್ಕೊಂದು ಹಳೆಯ ದೃಷ್ಟಾಂತವುಂಟು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ದೀಕ್ಷಾಸ್ನಾನ ಹೊಂದಿದವರಲ್ಲಿ ಅನೇಕರು ಮನೆಯನ್ನೂ ಕುಲದ ಕಸುಬನ್ನೂ ಒಂದೇ ದಿನ ಕಳೆದುಕೊಂಡರು. ಪಿತ್ರಾರ್ಜಿತದ ಹಕ್ಕಾದರೂ ಉಳಿಯುವಂತೆ ಮಾಡಿದ್ದು 1850ರ 21ನೆಯ ಕಾಯಿದೆ. ಆದರೆ ಹಕ್ಕು ಅಂದಿನ ಅನ್ನವಾಗದು. ನಂಬಿದವರಿಗೆ ದೇವರು ಒದಗಿಸುತ್ತಾನೆಂದು ಪ್ರಸಂಗಿಸಿ ಮಿಶನರಿಗಳು ಕೈತೊಳೆದುಕೊಳ್ಳಬಹುದಿತ್ತು. ಅವರು ಮಗ್ಗ ಹೂಡಿದರು. 1851ರಲ್ಲಿ ಜಾನ್ ಹಾಲರ್ ಎಂಬವರು ನೇಯ್ಗೆಯ ಕೆಲಸವನ್ನು ವಹಿಸಿಕೊಂಡರು. ಖಾಕಿ ಬಣ್ಣದ ಬಟ್ಟೆಯ ಕೀರ್ತಿ ಇಂದಿಗೂ ಅವರ ಹೆಸರಿಗಿದೆ. 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಕೂಲಿಯ ಜೊತೆಗೆ ಮಿಶನ್ನಿನ ಬಿಗಿ ಕಟ್ಟುಪಾಡೂ ಬಂತೆಂಬುದನ್ನು ನಾನು ಮರೆಯಲಾರೆ; ಅನ್ನ ಕೊಡುವವನೇ ಆತ್ಮವನ್ನೂ ಕಾಯುವವನಾದರೆ ಕೆಲಸಗಾರನ ಬಾಯಿ ಕಟ್ಟುತ್ತದೆ. ಆದರೂ ಹಸಿದವನ ಮುಂದೆ ಬರಿಯ ವಚನವನ್ನು ಇಡಲಿಲ್ಲವೆಂಬ ಗೌರವ ಅವರಿಗೆ ಸಲ್ಲಬೇಕು.

ಇಷ್ಟು ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಬೇಕು. ಕಾಗದ ಮಾಡಲಾಗದ ಕೆಲಸ ಬಹಳವಿದೆ. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲಿ ಬಂತು. ಕಾಯಿದೆ ಪುಸ್ತಕದಲ್ಲಿದೆ, ವಿದ್ಯುತ್ ಮಗ್ಗದ ಸದ್ದು ಕಿವಿಯಲ್ಲಿದೆ. ನೂಲಿನ ಬೆಲೆ ನಮ್ಮನ್ನು ಕೇಳಿ ಏರುವುದಿಲ್ಲ. ಮಳೆಗೆ ತಡೆಯಾಜ್ಞೆ ಕೊಡುವ ನ್ಯಾಯಾಲಯವಿಲ್ಲ.

ತಂದೆಯವರ ಬಳಿ ಒಂದು ಉದ್ದನೆಯ ಲೆಕ್ಕದ ಪುಸ್ತಕವಿತ್ತು. ಯಜಮಾನರಿಂದ ಪಡೆದ ಮುಂಗಡ, ತಂದ ನೂಲು, ಕೊಟ್ಟ ಸೀರೆ ಎಲ್ಲವನ್ನೂ ಪ್ರತಿ ರಾತ್ರಿ ಬರೆಯುತ್ತಿದ್ದರು. ವಾರಕ್ಕೊಮ್ಮೆ ಯಜಮಾನರ ಸಹಿಯನ್ನೂ ಹಾಕಿಸುತ್ತಿದ್ದರು, ಅವರು ಮುಖ ಸಿಂಡರಿಸಿದರೂ ಬಿಡುತ್ತಿರಲಿಲ್ಲ. ಬರೆದು ಮುಗಿಸಿ ಪುಸ್ತಕವನ್ನು ಸತ್ಯವೇದದ ಕೆಳಗಿಟ್ಟು, ಅನುದಿನದ ಆಹಾರಕ್ಕಾಗಿ ಬೇಡುವ ಆ ಪ್ರಾರ್ಥನೆಯನ್ನು ಹೇಳಿ, ಮಲಗಿದ ಕ್ಷಣಕ್ಕೆ ನಿದ್ರೆ ಹೋಗುತ್ತಿದ್ದರು. ಮುಂಗಡ ಪೂರ್ತಿ ತೀರಿದ್ದನ್ನು ನಾನು ಕಂಡಿಲ್ಲ. ಹೂವಿನ ಮಾತಿನಲ್ಲಿ ಸ್ವಾಮಿಯು ಬಿಡಿಸಲು ಬಂದದ್ದು ಕೈಯ ಕೆಲಸವನ್ನಲ್ಲ, ರಾತ್ರಿಯ ಚಿಂತೆಯನ್ನು ಎಂದು ನಾನು ತಿಳಿದದ್ದು ಆ ಗೊರಕೆಯಿಂದ. ನಗುತ್ತಾ ಕೇಳಿದ ಪ್ರಶ್ನೆಗೆ ಅವರು ದಿನವೂ ಉತ್ತರ ಕೊಡುತ್ತಿದ್ದರು, ಬಹುಶಃ ತಮಗೇ ತಿಳಿಯದೆ. ನನ್ನ ಕಾಗದಪತ್ರಗಳೆಲ್ಲ ಕ್ರಮವಾಗಿವೆ, ಬ್ಯಾಂಕಿನಲ್ಲಿ ಅಷ್ಟಿಷ್ಟು ಹಣವೂ ಇದೆ. ನನಗೆ ಆ ನಿದ್ರೆ ಇನ್ನೂ ಬಂದಿಲ್ಲ.

ಆ ಹೆಂಗಸಿನ ಕಡೆಗೆ ಬರೋಣ. ಅದೇ ಚೀಟಿಗೆ ಕಟ್ಟಿದ ಇನ್ನೂ ನಾಲ್ವರನ್ನು ಆಕೆ ತಾನೇ ಮನೆಮನೆಗೆ ಹೋಗಿ ಹುಡುಕಿ ತಂದರು. ಒಬ್ಬರ ಬಳಿ ಚೀಟಿ ನಡೆಸಿದವರ ಕೈಬರಹದ ಒಂದು ಹಾಳೆ ಸಿಕ್ಕಿತು. ಹಣ ಬರುವುದೆಂದು ನಾನು ಮಾತು ಕೊಟ್ಟಿಲ್ಲ. ವಕಾಲತ್ತಿಗೆ ಸಹಿ ಮಾಡುವ ಮುನ್ನ ಆಕೆ ಕಣ್ಣು ಮುಚ್ಚಿ ಎರಡು ನಿಮಿಷ ಮೌನವಾಗಿದ್ದರು. ಆಮೇಲೆ ಕಣ್ಣು ತೆರೆದು, "ಇದಕ್ಕೆ ನಕಲು ಒಂದು ನನಗೂ ಬೇಕು ಸ್ವಾಮಿ" ಎಂದರು.