ಫ್ಯಾನ್ ತಿರುಗಿದ ಮಾತ್ರಕ್ಕೆ ರ್ಯಾಮ್ ಸರಿಯಿದೆ ಎನ್ನಲಾಗದು

ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ‘ಕರೆಂಟ್ ಬರ್ತಿದೆ, ಫ್ಯಾನ್ ಓಡ್ತಿದೆ, ಅಂದ್ಮೇಲೆ ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಿಸಿದ್ರೆ ಸರಿಹೋಗುತ್ತೆ’ ಎಂಬ ಸಲಹೆ ಆಗ ಯಾರಿಂದಲಾದರೂ ಬಂದೇ ಬರುತ್ತದೆ. ಇದು ಬರೀ ತಪ್ಪಲ್ಲ, ಅಪಾಯಕಾರಿ ಕೂಡ. ಫ್ಯಾನ್ ತಿರುಗಲು 12 ವೋಲ್ಟ್ ವಿದ್ಯುತ್ ಸಿಕ್ಕರೆ ಸಾಕು. ಕಂಪ್ಯೂಟರ್ ಆನ್ ಆದೊಡನೆ ಮದರ್‌ಬೋರ್ಡ್‌ನಲ್ಲಿರುವ ಬಯೋಸ್ ಮೊದಲು ಪ್ರೊಸೆಸರ್, ರ್ಯಾಮ್, ಗ್ರಾಫಿಕ್ಸ್‌ಗಳನ್ನು ಪರೀಕ್ಷಿಸುತ್ತದೆ. ವಿಂಡೋಸ್‌ನ ಸರದಿ ಬರುವುದು ಅದೆಲ್ಲ ಮುಗಿದ ಮೇಲೆ. ರ್ಯಾಮ್ ಹಂತದಲ್ಲೇ ನಿಂತ ಯಂತ್ರ ಹಾರ್ಡ್ ಡಿಸ್ಕನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ. ನಿಮ್ಮ ಫೋಟೊ, ಲೆಕ್ಕಪತ್ರಗಳೆಲ್ಲ ಅಲ್ಲಿ ಇದ್ದಂತೆಯೇ ಇರುತ್ತವೆ. ಫಾರ್ಮ್ಯಾಟ್ ಮಾಡಿಸಿದರೆ ಅವು ಹೋಗುತ್ತವೆ, ದೋಷ ಮಾತ್ರ ಹಾಗೇ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದ ನಂಬಿಕೆಯೂ ಇದೆ. ಪರದೆ ಬಾರದಿದ್ದರೆ ರ್ಯಾಮ್ ಸತ್ತಿದೆ ಎಂದೇ ತೀರ್ಮಾನಿಸಿ ಹೊಸದನ್ನು ಕೊಳ್ಳಲು ಬೆಂಗಳೂರಿನ ಎಸ್.ಪಿ. ರೋಡಿಗೆ ಹೊರಡುವವರಿದ್ದಾರೆ. ಎಷ್ಟೋ ಸಲ ಸತ್ತಿರುವುದು ರ್ಯಾಮ್ ಅಲ್ಲ. ರ್ಯಾಮ್ ಸ್ಟಿಕ್ ಸರಿಯಾಗಿ ಕೂತಿರುವುದಿಲ್ಲ, ಸ್ಲಾಟ್‌ನಲ್ಲಿ ದೂಳು ಸೇರಿರುತ್ತದೆ, ಇಲ್ಲವೆ ಸ್ಲಾಟೇ ಕೆಟ್ಟಿರುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಮಾನಿಟರ್ ಕೇಬಲ್ಲನ್ನು ಮದರ್‌ಬೋರ್ಡ್‌ಗೆ ಸಿಕ್ಕಿಸಿದರೂ ಪರದೆ ಕಪ್ಪಾಗಿಯೇ ಇರಬಹುದು.

ಪತ್ತೆ ಮಾಡುವ ದಾರಿ ಸರಳ, ತಾಳ್ಮೆ ಬೇಕು ಅಷ್ಟೆ. ಪವರ್ ಕೇಬಲ್ ಕಿತ್ತು, ಉಳಿದ ವಿದ್ಯುತ್ ಹೋಗುವಂತೆ ಪವರ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರ ವಿದ್ಯುತ್ ಹರಿದುಹೋಗಲಿ. ಎಲ್ಲ ಸ್ಟಿಕ್‌ಗಳನ್ನೂ ತೆಗೆದು ಒಂದನ್ನು ಮಾತ್ರ ಹಾಕಿ. ಯಾವ ಸ್ಲಾಟ್ ಎಂಬುದು ಮದರ್‌ಬೋರ್ಡ್ ಕೈಪಿಡಿಯಲ್ಲಿರುತ್ತದೆ. ನಾಲ್ಕು ಸ್ಲಾಟ್ ಇರುವ ಬಹುತೇಕ ಬೋರ್ಡ್‌ಗಳಲ್ಲಿ ಅದು ಪ್ರೊಸೆಸರ್ ಕಡೆಯಿಂದ ಎರಡನೆಯದು, ಅಂದರೆ ಎ2. ಕ್ಲಿಪ್ ‘ಟಕ್’ ಎನ್ನುವವರೆಗೂ ಒತ್ತಿ. ಆನ್ ಆಗಲಿ, ಆಗದಿರಲಿ, ಅದೇ ಸ್ಲಾಟ್‌ನಲ್ಲಿ ಇನ್ನೊಂದು ಸ್ಟಿಕ್ಕನ್ನು ಒಂಟಿಯಾಗಿ ಹಾಕಿ ನೋಡಿ. ಬಳಿಕ ಒಂದೊಂದನ್ನೂ ಬೇರೆ ಸ್ಲಾಟ್‌ಗಳಲ್ಲಿ ಹೀಗೆಯೇ ಪರೀಕ್ಷಿಸಿ. ಒಂದು ಸ್ಟಿಕ್ ಎಲ್ಲಿ ಹಾಕಿದರೂ ಕೈಕೊಟ್ಟು ಇನ್ನೊಂದು ಎಲ್ಲ ಕಡೆಯೂ ನಡೆದರೆ ಕೆಟ್ಟದ್ದು ಆ ಸ್ಟಿಕ್. ಎರಡೂ ಒಂದೇ ಸ್ಲಾಟ್‌ನಲ್ಲಿ ಕೈಕೊಟ್ಟರೆ ಸಂಶಯ ಬೋರ್ಡ್‌ನ ಮೇಲೆ, ಕೆಲವೊಮ್ಮೆ ಪ್ರೊಸೆಸರ್ ಸಾಕೆಟ್ಟಿನ ಬಾಗಿದ ಪಿನ್ನಿನ ಮೇಲೆ. ಸ್ಟಿಕ್ ಮತ್ತು ಸ್ಲಾಟ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಮಾತ್ರ ಏನೂ ತಿಳಿಯುವುದಿಲ್ಲ.

ರಬ್ಬರಿನಿಂದ ತಿಕ್ಕುವುದು ನಮ್ಮಲ್ಲಿ ಬಹಳ ಜನಪ್ರಿಯ. ಅದರಿಂದ ಸರಿಹೋದದ್ದನ್ನು ಕಂಡವರೂ ಇದ್ದಾರೆ. ಆದರೆ ಸ್ಟಿಕ್ ತೆಗೆದು ಮತ್ತೆ ಕೂರಿಸಿದಾಗಲೇ ಸಂಪರ್ಕದ ಜಾಗ ತುಸು ಉಜ್ಜಿಕೊಂಡು ಸ್ವಚ್ಛವಾಗುತ್ತದೆ, ಅನೇಕ ಸಲ ಗುಣವಾಗುವುದು ಅದರಿಂದಲೇ. ಅಲ್ಲಿನ ಚಿನ್ನದ ಲೇಪ ತೀರಾ ತೆಳು. ರಬ್ಬರ್ ಅದನ್ನು ಸವೆಸುತ್ತದೆ, ಅದರ ಪುಡಿ ಸ್ಲಾಟ್ ಸೇರುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿ ಒರೆಸಿ, ಚೆನ್ನಾಗಿ ಒಣಗಿಸಿ ಹಾಕುವುದೇ ಕ್ಷೇಮ.

‘ಮೂರು ಬೀಪ್ ಅಂದ್ರೆ ರ್ಯಾಮ್’ ಎಂಬ ಸೂತ್ರವನ್ನೂ ನೆಚ್ಚಿಕೊಳ್ಳಬೇಡಿ. ಬೀಪ್‌ನ ಅರ್ಥ ಬಯೋಸ್ ತಯಾರಕರಿಂದ ತಯಾರಕರಿಗೆ ಬೇರೆ. ಹೊಸ ಬೋರ್ಡ್‌ಗಳಲ್ಲಿ ಅನೇಕಕ್ಕೆ ಸ್ಪೀಕರೇ ಇಲ್ಲ, ಪುಟ್ಟ ದೀಪಗಳಿವೆ. ಡಿರ್ಯಾಮ್ ಎಂದು ಬರೆದ ದೀಪ ಉರಿಯುತ್ತಿದ್ದರೆ ಪರೀಕ್ಷೆ ಆ ಹಂತದಲ್ಲಿ ನಿಂತಿದೆ ಎಂದಷ್ಟೇ ಅರ್ಥ.

ಹೊಸ ಪೀಳಿಗೆಯ ಡಿಡಿಆರ್5 ರ್ಯಾಮ್ ಬಂದ ಮೇಲೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ಹೊಸ ರ್ಯಾಮ್ ಹಾಕಿದಾಗ ಅಥವಾ ಬಯೋಸ್ ಅಪ್‌ಡೇಟ್ ಆದಾಗ ಬೋರ್ಡ್ ಮೊದಲ ಸಲ ಮೆಮೊರಿಯ ಸಮಯ ಹೊಂದಿಸಿಕೊಳ್ಳುತ್ತದೆ. ಕೆಲವು ನಿಮಿಷ ಪರದೆ ಖಾಲಿ ಇರುವುದು ಸಹಜ. ಗಾಬರಿಯಿಂದ ನಡುವೆಯೇ ಆಫ್ ಮಾಡಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಕ್ಸ್‌ಎಂಪಿ ಎಂಬ, ರ್ಯಾಮ್ ವೇಗ ಹೆಚ್ಚಿಸುವ ಬಯೋಸ್ ಸೆಟ್ಟಿಂಗ್ ಆನ್ ಮಾಡಿದ ಮೇಲೆ ಯಂತ್ರ ಏಳದಿದ್ದರೂ ರ್ಯಾಮ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಪವರ್ ಕೇಬಲ್ ಕಿತ್ತು, ಮದರ್‌ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದಿಟ್ಟರೆ ಸಾಮಾನ್ಯವಾಗಿ ರ್ಯಾಮ್ ಹಳೆಯ ವೇಗಕ್ಕೆ ಮರಳುತ್ತದೆ.

‘ಆನ್ ಆಯ್ತಲ್ಲ, ಇನ್ನೇನು’ ಎನ್ನುವ ನೆಮ್ಮದಿಯೂ ಸಲ್ಲದು. ಆರಂಭದ ಪರೀಕ್ಷೆ ಮೇಲುಮೇಲಿನದು. ಗೂಗಲ್ ಸರ್ವರ್‌ಗಳನ್ನು ಗಮನಿಸಿ ಟೊರೊಂಟೊ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗೂಗಲ್‌ನ ಇಬ್ಬರು ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷವೊಂದರಲ್ಲಿ ಶೇ 8ಕ್ಕಿಂತ ಹೆಚ್ಚು ಸ್ಟಿಕ್‌ಗಳಲ್ಲಿ ದೋಷ ಕಂಡುಬಂದಿತ್ತು. ಅಲ್ಲಿ ದೋಷ ಹಿಡಿದು ತಿದ್ದುವ ಇಸಿಸಿ ಮೆಮೊರಿ ಇತ್ತು. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಅದಿಲ್ಲ, ಹಾಗಾಗಿ ತಪ್ಪು ಅಂಕಿ ಸದ್ದಿಲ್ಲದೆ ಫೈಲ್ ಸೇರಿಬಿಡಬಹುದು. ರ್ಯಾಮ್ ಪರೀಕ್ಷಿಸುವ, ಉಚಿತವಾಗಿ ಸಿಗುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಲು ಬಿಡಿ. ಎಕ್ಸ್‌ಎಂಪಿ ಆಫ್ ಇದ್ದಾಗಲೂ ಒಂದೇ ಒಂದು ಕೆಂಪು ಸಾಲು ಬಂದರೂ ಆ ರ್ಯಾಮ್ ಮೇಲೆ ಭರವಸೆ ಇಡಬೇಡಿ. ಆ ಪರದೆಯ ಫೋಟೊ ತೆಗೆದುಕೊಂಡು ಬಿಲ್ ಹುಡುಕಿ. ಹಲವು ಕಂಪನಿಗಳು ರ್ಯಾಮ್‌ಗೆ ದೀರ್ಘ ವಾರಂಟಿ ಕೊಡುತ್ತವೆ. ಜೋಡಿ ಕಿಟ್ ಆಗಿ ಕೊಂಡಿದ್ದರೆ ಒಂದೇ ಸ್ಟಿಕ್ ಕೆಟ್ಟಿದ್ದರೂ ಎರಡನ್ನೂ ಕಳುಹಿಸಬೇಕಾಗಬಹುದು.