ಜಿಪ್ಸಿಗೆ ಬೇರೆ ಕ್ಯಾಮ್‌ಶಾಫ್ಟು: ಬೇಕೇ, ಬೇಕಾದರೆ ಎಂಥದು?

ಕಳೆದ ತಿಂಗಳು ಅಡಿಕೆ ತೂಕದ ಗಡಿಬಿಡಿಯಲ್ಲಿದ್ದಾಗ ನಮ್ಮ ಸದಸ್ಯರೊಬ್ಬರ ಮಗ ಸಂಘದ ಕಛೇರಿಗೆ ಬಂದು ಅಡಿಕೆಗೂ ಕಾಫಿಗೂ ಸಂಬಂಧವಿಲ್ಲದ ಪ್ರಶ್ನೆಯೊಂದನ್ನು ಕೇಳಿದ.

"ಮಾವಾ, ಜಿಪ್ಸಿಗೆ ರ‍್ಯಾಲಿ ಕ್ಯಾಮ್ ಹಾಕಿಸಬೇಕು ಅಂತ ಮಾಡಿದ್ದೇನೆ. ನಿಮ್ಮನ್ನು ಕೇಳದೆ ದುಡ್ಡು ಕೊಡುವುದಿಲ್ಲ ಅಂತಾರೆ ಅಪ್ಪ."

"ಗಾಡಿಗೆ ಎಂತ ಆಗಿದೆ ತಮಾ?"

"ಏರಿನಲ್ಲಿ ಎಳೆಯುವುದಿಲ್ಲ."

ಹುಡುಗ ಚಿಕ್ಕಮಗಳೂರಿನಲ್ಲಿ ಓದಿದವನು. ಅಲ್ಲಿ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿ ಮೋಟಾರು ರ‍್ಯಾಲಿಗಳು ನಡೆಯುತ್ತವೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತೂ ಅಲ್ಲೇ ನಡೆಯಿತು. ತೋಟದ ದಾರಿಯಲ್ಲಿ ಹಾರಿಕೊಂಡು ಹೋಗುವ ಗಾಡಿಯನ್ನು ಕಂಡವನಿಗೆ ತನ್ನ ತೋಟದ ದಾರಿಯಲ್ಲಿ ತನ್ನ ಗಾಡಿ ಏಕೆ ಏದುಸಿರು ಬಿಡಬೇಕು ಎಂದು ಅನ್ನಿಸುವುದು ಸಹಜವೇ. ಈ ಪ್ರಶ್ನೆ ಇವನೊಬ್ಬನದೂ ಅಲ್ಲ. ಗುಂದ, ನಂದಿಗದ್ದೆ, ಉಳವಿ ಕಡೆಯ ಅನೇಕ ಮನೆಗಳಲ್ಲಿ ಹಳೆಯ ಜಿಪ್ಸಿಯೋ ಜೀಪೋ ಇದೆ. ಜಿಪ್ಸಿ ಹೊಸದಾಗಿ ಕೊಳ್ಳಲು ಸಿಗುವುದು ನಿಂತು ವರ್ಷಗಳೇ ಆದವು. ಇರುವುದನ್ನೇ ರಿಪೇರಿ ಮಾಡಿಸಿ ಓಡಿಸುವಾಗ, "ಹೇಗೂ ಇಂಜಿನು ಬಿಚ್ಚಿದ್ದೇವೆ, ಒಳ್ಳೆಯ ಕ್ಯಾಮ್ ಹಾಕಿಬಿಡೋಣ" ಎನ್ನುವ ಮಾತು ಗ್ಯಾರೇಜಿನಲ್ಲಿ ಬಂದೇ ಬರುತ್ತದೆ. ಆದ್ದರಿಂದ ಹುಡುಗನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಡೀಸೆಲ್ ಜೀಪಿನವರು ಲೇಖನವನ್ನು ಇಲ್ಲಿಗೇ ಬಿಡಬಹುದು. ಡೀಸೆಲ್ ಇಂಜಿನಿನಲ್ಲಿ ಪಿಸ್ಟನ್ನು ಮೇಲೆ ಬಂದಾಗ ವಾಲ್ವಿಗೂ ಅದಕ್ಕೂ ಉಳಿಯುವ ಜಾಗ ಬಹಳ ಕಡಿಮೆ. ಅಲ್ಲಿ ಕ್ಯಾಮಿನ ಗೊಡವೆಗೆ ಹೋಗದೆ ಪಂಪು, ನಾಝಲ್ಲುಗಳನ್ನು ನೋಡಿಸುವುದೇ ಸರಿ.

ಕ್ಯಾಮ್‌ಶಾಫ್ಟು ಎಂದರೆ ಉಬ್ಬುಗಳಿರುವ ಒಂದು ಸರಳು. ಕ್ರ್ಯಾಂಕು ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಉಬ್ಬು ತಿರುಗಿ ಬಂದಾಗ ವಾಲ್ವು ತೆರೆಯುತ್ತದೆ, ದಾಟಿದ ಮೇಲೆ ಸ್ಪ್ರಿಂಗು ಮುಚ್ಚುತ್ತದೆ. ವಾಲ್ವು ಎಷ್ಟು ಎತ್ತರ ಏಳಬೇಕು, ಎಷ್ಟು ಹೊತ್ತು ತೆರೆದಿರಬೇಕು, ಯಾವಾಗ ಮುಚ್ಚಬೇಕು ಎಂಬುದೆಲ್ಲ ಉಬ್ಬಿನ ಆಕಾರದಲ್ಲಿಯೇ ಇದೆ. ತೆರೆದಿರುವ ಹೊತ್ತನ್ನು ಕ್ರ್ಯಾಂಕಿನ ಡಿಗ್ರಿಯಲ್ಲಿ ಹೇಳುತ್ತಾರೆ. ಸಾಧಾರಣ ಗಾಡಿಯ ಕ್ಯಾಮು 250 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಪಂದ್ಯದ ಕ್ಯಾಮು 290, 300ನ್ನೂ ದಾಟುತ್ತದೆ.

ಇಲ್ಲಿಯೇ ಕೀಲಿ ಇರುವುದು. ಪಿಸ್ಟನ್ನು ಕೆಳಗೆ ಮುಟ್ಟಿ ಮೇಲಕ್ಕೆ ಹೊರಟ ಮೇಲೂ ಒಳವಾಲ್ವು ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ಇಂಜಿನು ಜೋರಾಗಿ ತಿರುಗುವಾಗ ಇದರಿಂದ ಲಾಭ, ಏಕೆಂದರೆ ಒಳನುಗ್ಗುತ್ತಿರುವ ಗಾಳಿ ತನ್ನ ಓಟದ ಬಲದಿಂದಲೇ ಇನ್ನಷ್ಟು ತುಂಬಿಕೊಳ್ಳುತ್ತದೆ. ನಿಧಾನವಾಗಿ ತಿರುಗುವಾಗ ಗಾಳಿಗೆ ಆ ಓಟವಿಲ್ಲ. ಮೇಲೇರುವ ಪಿಸ್ಟನ್ನು ಒಳಗೆ ಬಂದದ್ದನ್ನೇ ಬಂದ ದಾರಿಯಲ್ಲಿ ಹಿಂದಕ್ಕೆ ದೂಡುತ್ತದೆ. ವಾಲ್ವು ತಡವಾಗಿ ಮುಚ್ಚಿದಷ್ಟೂ ಈ ನಷ್ಟ ಹೆಚ್ಚು. ಇದಲ್ಲದೆ ಉದ್ದ ಕ್ಯಾಮಿನಲ್ಲಿ ಒಳವಾಲ್ವು ಹೊರವಾಲ್ವು ಎರಡೂ ಏಕಕಾಲಕ್ಕೆ ತೆರೆದಿರುವ ಹೊತ್ತೂ ಹೆಚ್ಚುವುದರಿಂದ ನಿಧಾನಗತಿಯಲ್ಲಿ ಸುಟ್ಟ ಹೊಗೆ ತಿರುಗಿ ಒಳದಾರಿಗೆ ಬರುತ್ತದೆ. ರೇಸಿನ ಗಾಡಿ ನಿಂತಲ್ಲಿ ಗುಡುಗುಡು ಎಂದು ಕುಂಟುವುದು ಇದಕ್ಕೇ. ಹುಡುಗರಿಗೆ ಆ ಸದ್ದೇ ಚೆಂದ ಕಾಣುತ್ತದೆ!

ನೀರೆತ್ತುವ ಪಂಪು ಕೊಳ್ಳುವಾಗ ನಾವು ಏನು ಮಾಡುತ್ತೇವೆ? ಹೆಚ್ಚು ನೀರು ಸುರಿಯುವ ಪಂಪೆಂದು ಕಣ್ಣುಮುಚ್ಚಿ ತರುವುದಿಲ್ಲ. ನಮ್ಮ ಹೊಳೆಯಿಂದ ತೋಟದ ತಲೆಗೆ ಎಷ್ಟು ಅಡಿ ಎತ್ತರ ಎಂದು ಮೊದಲು ಅಳೆಯುತ್ತೇವೆ. ಕ್ಯಾಮಿನದೂ ಅದೇ ಲೆಕ್ಕ. 2000ದಲ್ಲಿ ಬಂದ ಇಂಜೆಕ್ಷನ್ ಜಿಪ್ಸಿಯ 1298 ಸಿ.ಸಿ. ಇಂಜಿನಿಗೆ ಕಂಪನಿ ಹೇಳಿದ ಶಕ್ತಿ 6000 ಸುತ್ತಿನಲ್ಲಿ 80 ಅಶ್ವಶಕ್ತಿ. ಎಳೆಯುವ ಬಲ, ಅಂದರೆ ಟಾರ್ಕು, ಅತಿ ಹೆಚ್ಚು ಇರುವುದು 4500 ಸುತ್ತಿನಲ್ಲಿ, 103 ನ್ಯೂಟನ್ ಮೀಟರ್. ಲೆಕ್ಕ ಹಾಕಿದರೆ 6000 ಸುತ್ತಿನಲ್ಲಿ ಟಾರ್ಕು ಸುಮಾರು 95ಕ್ಕೆ ಇಳಿದಿರುತ್ತದೆ. ಆದರೂ ಸುತ್ತು ಹೆಚ್ಚಿದ್ದರಿಂದ ಅಶ್ವಶಕ್ತಿ ಹೆಚ್ಚು ಕಾಣುತ್ತದೆ. ಪಂದ್ಯದ ಕ್ಯಾಮು ಈ ಟಾರ್ಕಿನ ಶಿಖರವನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಹಳೆಯ ಮಹೀಂದ್ರ ಸಿಜೆ-3ಬಿ ಜೀಪಿನ ಹರಿಕೇನ್ ಪೆಟ್ರೋಲ್ ಇಂಜಿನನ್ನು ನೋಡಿ, ಅದರ ಟಾರ್ಕಿನ ಶಿಖರ 2000 ಸುತ್ತಿನಲ್ಲಿಯೇ. ಅದು ಓಡುವುದಿಲ್ಲ, ಆದರೆ ಎತ್ತಿನಂತೆ ಎಳೆಯುತ್ತದೆ. ಕೆಸರಿನ ಏರಿನಲ್ಲಿ ಗೊಬ್ಬರದ ಚೀಲ ಹೇರಿಕೊಂಡು ಫಸ್ಟ್ ಗೇರಿನಲ್ಲಿ ಹತ್ತುವಾಗ ನಮ್ಮಲ್ಲಿ ಯಾರೂ 5000 ಸುತ್ತು ತಿರುಗಿಸುವುದಿಲ್ಲ, ತಿರುಗಿಸಲೂ ಬಾರದು.

ಇಷ್ಟೆಲ್ಲ ನನಗೆ ಪುಸ್ತಕದಿಂದ ಬಂದ ತಿಳುವಳಿಕೆಯಲ್ಲ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಬಂದ ಕೆಲವು ವರ್ಷಗಳಿಗೆ, 1999ರಲ್ಲಿ, ನಾನೂ ನನ್ನ ಕಾರ್ಬುರೇಟರ್ ಜಿಪ್ಸಿಯ ಕ್ಯಾಮನ್ನು ಒಂದು ಗ್ಯಾರೇಜಿನಲ್ಲಿ ಅರೆಯಿಸಿ "ರೇಸ್" ಮಾಡಿಸಿಕೊಂಡಿದ್ದೆ. ದಾಂಡೇಲಿಯಿಂದ ಹಳಿಯಾಳದ ಕಡೆಗೆ ಬಿಟ್ಟರೆ ಗಾಡಿ ನಿಜಕ್ಕೂ ಹಾರುತ್ತಿತ್ತು. ಜುಲೈ ಬಂತು. ಒಂದು ರಾತ್ರಿ ನಮ್ಮ ಕೇರಿಯ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ತೋಟದಿಂದ ಡಾಂಬರು ರಸ್ತೆಗೆ ಏರುವ ತಿರುವಿನಲ್ಲಿ ಎಕ್ಸಿಲೇಟರು ಒತ್ತಿದರೆ ಗಾಲಿ ಕೆಸರಿನಲ್ಲಿ ಸುಮ್ಮನೆ ತಿರುಗುತ್ತದೆ, ಕಾಲು ತೆಗೆದರೆ ಇಂಜಿನು ಬಂದ್. ನಾಲ್ಕು ಸಲ ಹಾಗಾಯಿತು. ಕೊನೆಗೆ ಮಳೆಯಲ್ಲಿ ಆರು ಜನ ದೂಡಿ ಮೇಲೆ ಹತ್ತಿಸಿದರು. ದಾಂಡೇಲಿ ಮುಟ್ಟುವಾಗ ಒಂದು ತಾಸು ತಡವಾಗಿತ್ತು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಆ ತಾಸಿನಲ್ಲಿ ಹಿಂದಿನ ಸೀಟಿನಿಂದ ಕೇಳಿದ ನರಳಾಟವನ್ನು ನಾನು ಮರೆತಿಲ್ಲ. ಮಾರನೆಯ ವಾರವೇ ಹಳೆಯ ಕ್ಯಾಮನ್ನು ಹಾಕಿಬಿಡಿ ಎಂದು ಹೋದರೆ ಹಳೆಯ ಕ್ಯಾಮೇ ಇರಲಿಲ್ಲ, ಅರೆದದ್ದು ಅದನ್ನೇ ಅಲ್ಲವೇ! ಹುಬ್ಬಳ್ಳಿಯ ಗುಜರಿಯಲ್ಲಿ ಇನ್ನೊಂದನ್ನು ಹುಡುಕಿ ತರಬೇಕಾಯಿತು.

ಆದ್ದರಿಂದ ಮೊದಲ ಮಾತು: ನಿಮ್ಮ ಗಾಡಿಯ ಮೂಲ ಕ್ಯಾಮನ್ನು ಎಂದೂ ಅರೆಯಿಸಬೇಡಿ. ಅರೆದಾಗ ಮೇಲಿನ ಗಟ್ಟಿ ಪದರ ಹೋಗಿ ಬೇಗ ಸವೆಯುವ ಭಯವೂ ಇದೆ. ಬೇರೆ ಕ್ಯಾಮು ಹಾಕುವುದೇ ಆದರೆ ಮೂಲವನ್ನು ಎಣ್ಣೆ ಸವರಿ, ಬಟ್ಟೆ ಸುತ್ತಿ ಅಟ್ಟದ ಮೇಲೆ ಇಡಿ.

ಹಾಗಾದರೆ ಬದಲಾಯಿಸಲೇಬಾರದೇ? ಹಾಗಲ್ಲ. ಉಳಿದ ಇಂಜಿನೆಲ್ಲ ಕಂಪನಿಯದೇ ಇರುವಾಗ, ಅಂದರೆ ಕಂಪ್ರೆಶನ್ನು, ಕಾರ್ಬುರೇಟರು, ಸೈಲೆನ್ಸರು, ಗೇರು ಯಾವುದನ್ನೂ ಮುಟ್ಟದಿರುವಾಗ, ಮೂಲಕ್ಕಿಂತ ತುಸುವೇ ಹೆಚ್ಚಿನ ಕ್ಯಾಮು ಹೊಂದುತ್ತದೆ. ತೆರೆದಿರುವ ಹೊತ್ತು ಹತ್ತು ಡಿಗ್ರಿಯಷ್ಟು ಹೆಚ್ಚಿದ್ದರೆ ಸಾಕು, ಎತ್ತರ ಸ್ವಲ್ಪ ಹೆಚ್ಚಿರಲಿ. ಎರಡು ಕ್ಯಾಮುಗಳ ನಡುವೆ ಮನಸ್ಸು ತೂಗಾಡಿದರೆ ಚಿಕ್ಕದನ್ನೇ ಆರಿಸಿ. ಮಾರುವವರ ಕಾಗದದಲ್ಲಿರುವ ಡಿಗ್ರಿಗಳನ್ನು ಹೋಲಿಸುವಾಗ ಒಂದು ಎಚ್ಚರ ಬೇಕು: ಕೆಲವರು ವಾಲ್ವು ಅಲುಗಿದಲ್ಲಿಂದ ಎಣಿಸುತ್ತಾರೆ, ಕೆಲವರು 50 ಥೌ, ಅಂದರೆ 1.27 ಮಿ.ಮೀ. ಎದ್ದ ಮೇಲೆ ಎಣಿಸುತ್ತಾರೆ. ಒಂದೇ ಕ್ಯಾಮಿಗೆ ಎರಡು ಅಂಕಿಗಳಲ್ಲಿ ನಲವತ್ತು ಡಿಗ್ರಿಯ ವ್ಯತ್ಯಾಸವೂ ಬರಬಹುದು. ಎತ್ತರ ಹೆಚ್ಚಿದರೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗುವುದಿಲ್ಲವೆಂದೂ, ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲವೆಂದೂ ಅಳೆದು ನೋಡಿಯೇ ಸ್ಟಾರ್ಟ್ ಮಾಡಬೇಕು. ಇಂಜೆಕ್ಷನ್ ಗಾಡಿಗೆ ಇನ್ನೊಂದು ತೊಡಕು. ಅದರ ಕಂಪ್ಯೂಟರು ಒಳದಾರಿಯ ಒತ್ತಡವನ್ನು ನೋಡಿ ಪೆಟ್ರೋಲು ಬಿಡುತ್ತದೆ. ದೊಡ್ಡ ಕ್ಯಾಮಿನಿಂದ ಆ ಒತ್ತಡವೇ ಏರುಪೇರಾದರೆ ಅದಕ್ಕೆ ಲೆಕ್ಕ ತಪ್ಪುತ್ತದೆ. ಬ್ರೇಕಿನ ಬೂಸ್ಟರಿಗೆ ಬೇಕಾದ ಎಳೆತವೂ ಅದೇ ಒಳದಾರಿಯಿಂದ ಬರುವುದರಿಂದ, ನಿಧಾನಗತಿಯಲ್ಲಿ ಪೆಡಲು ಗಟ್ಟಿಯಾಗುವ ಸಂಭವವುಂಟು. ಅಣಶಿ ಘಟ್ಟ ಇಳಿಯುವವರು ಇದನ್ನು ಲಘುವಾಗಿ ತೆಗೆದುಕೊಳ್ಳಬಾರದು.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಕಂಪನಿ ಮಾಡಿಕೊಟ್ಟ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಗಿಯಾಗಿಯೇ ಹೇಳಿದೆ. ಅಪಘಾತವಾದಾಗ ವಿಮೆಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ.

ಇನ್ನು ಹುಡುಗನ ಜಿಪ್ಸಿ. ಹೊಸ ಕ್ಯಾಮಿನ ಮಾತು ಬಿಟ್ಟು ಇರುವ ಕ್ಯಾಮು ತನ್ನ ಕೆಲಸ ಮಾಡುತ್ತಿದೆಯೇ ನೋಡೋಣ ಎಂದೆ. ಕಂಪ್ರೆಶನ್ ಗೇಜು ಹಾಕಿದೆವು. ಒಂದೇ ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಬಂದರೆ ಅದರ ವಾಲ್ವನ್ನೋ ರಿಂಗನ್ನೋ ಸಂಶಯಿಸಬೇಕು. ಇವನದು ನಾಲ್ಕರಲ್ಲೂ ಒಂದೇ ಸಮ ಕಡಿಮೆ. ಮುಚ್ಚಳ ತೆಗೆದು ಗುರುತು ನೋಡಿದರೆ ಟೈಮಿಂಗ್ ಬೆಲ್ಟು ಒಂದು ಹಲ್ಲು ಹಿಂದೆ ಕೂತಿತ್ತು. ಹಿಂದೊಮ್ಮೆ ಬೆಲ್ಟು ಬದಲಾಯಿಸಿದವರು ಮಾಡಿದ ತಪ್ಪು. ಅಂದರೆ ವಾಲ್ವು ಮುಚ್ಚುವುದು ತಡವಾಗಿ, ಕಂಪನಿಯ ಕ್ಯಾಮೇ ರೇಸಿನ ಕ್ಯಾಮಿನ ದೋಷವನ್ನೆಲ್ಲ ತೋರಿಸುತ್ತಿತ್ತು, ಅದರ ಗುಣ ಮಾತ್ರ ಇರಲಿಲ್ಲ. ವಾಲ್ವಿನ ಸಂದುಗಳೂ ಒಂದೊಂದು ಒಂದೊಂದು ಥರ. ಬೆಲ್ಟು ಸರಿಯಾಗಿ ಕೂರಿಸಿ, ಸಂದು ಹೊಂದಿಸಿ, ಏರ್ ಫಿಲ್ಟರು ಬದಲಾಯಿಸಿದೆವು. ಈಗ ಒಂಬತ್ತು ಚೀಲ ಹೇರಿಕೊಂಡು ಅದೇ ಏರನ್ನು ಸೆಕೆಂಡ್ ಗೇರಿನಲ್ಲಿ ಹತ್ತುತ್ತಾನೆ. ಕ್ಯಾಮಿನ ಆಸೆ ಪೂರ್ತಿ ಬಿಟ್ಟಿಲ್ಲ, ಬೇಸಿಗೆಗೆ ನೋಡೋಣ ಎಂದಿದ್ದಾನೆ. ಅವನಪ್ಪ ಮಾತ್ರ ಬಹಳ ಖುಷಿಯಲ್ಲಿದ್ದಾರೆ.

ಸಂಘದ ಕಛೇರಿಯಲ್ಲಿ ಒಂದು ಕಂಪ್ರೆಶನ್ ಗೇಜು ಮತ್ತು ಎರಡು ಫೀಲರ್ ಗೇಜುಗಳಿವೆ. ಸದಸ್ಯರು ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬಹುದು. ಎರಡನೆಯ ಫೀಲರ್ ಗೇಜನ್ನು ದೀಪಾವಳಿಗೆ ಮೊದಲು ಒಯ್ದವರು ದಯವಿಟ್ಟು ಹಿಂದಿರುಗಿಸಬೇಕು.